ಕೆಳಮನೆಯ ನೀರು

ಬೆಳಗಿನ ಹಾಲು ಕರೆದಾದ ಮೇಲೆ, ಕಾಲುವೆಯ ತಿರುವಿನಲ್ಲಿ ಕಂದು ಬಣ್ಣದ ಒಂದು ಎಳೆ ನೀರು ಬಂದು ಸೇರುತ್ತಿತ್ತು. ತಿಳಿನೀರಿನೊಡನೆ ಬೆರೆಯಲು ಮನಸ್ಸಿಲ್ಲವೆಂಬಂತೆ ಏರಿಯ ಮಗ್ಗುಲಲ್ಲೇ ಸಾಗಿ, ನೊರೆ ಕಟ್ಟಿ, ಮುಂದೆಲ್ಲೋ ಕಾಣದಾಗುತ್ತಿತ್ತು. ದೊಡ್ಡಮಾದಪ್ಪನ ಕೊಟ್ಟಿಗೆ ತೊಳೆದ ಬಗ್ಗಡ ಅದು. ಸಗಣಿ, ಗಂಜಲ ಎಲ್ಲ ಕಲೆತ ನೀರು. ನಾವೆಲ್ಲ ಮೂಗಿಗೆ ಸೆರಗು ಹಿಡಿದು ದಾಟುತ್ತಿದ್ದೆವು, ಅಷ್ಟೇ.

ನಮ್ಮ ಸೀಮೆಗೆ ಒಂದು ಮಂಡಳಿ ಇತ್ತು. ಯಾವ ಹೊಲವನ್ನು ಹುಲ್ಲಿಗೆ ಬಿಡಬೇಕು, ಯಾವ ತೂಬನ್ನು ಯಾವಾಗ ಎತ್ತಬೇಕು, ಯಾರ ತಿಪ್ಪೆ ಎಲ್ಲಿರಬೇಕು ಎಂಬುದೆಲ್ಲ ಅದರ ತೀರ್ಮಾನ. ನನ್ನ ಯಜಮಾನರು ಚಿಕ್ಕವೀರಯ್ಯ ಅದರ ಸದಸ್ಯರು. ಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆಯೆಂದು ತಿಳಿಯದ ಮನುಷ್ಯ, ಸೀಮೆಯ ತಿಪ್ಪೆಗಳನ್ನು ಮಾತ್ರ ಬಾಯಿಪಾಠ ಒಪ್ಪಿಸುತ್ತಿದ್ದರು. ನಾನು ಅದನ್ನೇ ಹಿಡಿದು ಆಡಿಕೊಳ್ಳುತ್ತಿದ್ದೆ, ಅವರು ನಗುತ್ತಿದ್ದರು.

ಬಗ್ಗಡವನ್ನು ಕಾಲುವೆಗೆ ಬಿಡಕೂಡದು, ಗುಂಡಿ ತೋಡಿ ಅದರಲ್ಲಿ ನಿಲ್ಲಿಸಬೇಕು ಎಂದು ಮಂಡಳಿ ದೊಡ್ಡಮಾದಪ್ಪನಿಗೆ ಕಟ್ಟಪ್ಪಣೆ ಮಾಡಿತು. ಜಾಗ ತೋರಿಸಿದವರು ನಮ್ಮವರೇ. ಗುಂಡಿಯೂ ಆಯಿತು, ಕಾಲುವೆಯಲ್ಲಿ ಆ ಕಂದು ಎಳೆಯೂ ನಿಂತಿತು. ಊರವರು ಮಂಡಳಿಯನ್ನು ಹೊಗಳಿದರು, ನಮ್ಮವರು ಕೆಲವು ದಿನ ನೆಲದ ಮೇಲೆ ಕಾಲೂರಲಿಲ್ಲ.

ಆದರೆ ಗುಂಡಿಗೆ ಪೂರ್ತಿ ಒಪ್ಪಿಗೆ ಸಿಗಬೇಕಾದರೆ ಒಂದು ಪದ್ಧತಿ ನಡೆಯಬೇಕಿತ್ತು. ಗುಂಡಿ ಒಂದು ಮಳೆಗಾಲ ಕಳೆದ ಮೇಲೆ ಮಂಡಳಿಯ ಸದಸ್ಯರೊಬ್ಬರು ಅದರ ಕೆಳಗಿನ ಮನೆಗೆ ಹೋಗಿ, ಆ ಮನೆಯ ಬಾವಿಯ ನೀರು ಕುಡಿದು, ‘ಚೆನ್ನಾಗಿದೆ’ ಎನ್ನಬೇಕು. ಅಂದ ಮೇಲೆ ಆ ಮಂಡಳಿಯ ಅವಧಿ ಮುಗಿಯುವವರೆಗೆ ಯಾರೂ ತಕರಾರು ತೆಗೆಯುವಂತಿಲ್ಲ. ಕೆಳಗಿನ ಮನೆ ಕೆಂಪಾಜಮ್ಮನದು. ಗಂಡನಿಲ್ಲದ ಹೆಂಗಸು, ಮಗ ಸೊಸೆ ಮೊಮ್ಮಗುವಿನೊಡನೆ ತರಕಾರಿ ಬೆಳೆದುಕೊಂಡಿದ್ದಳು. ನಮ್ಮವರು ಅಲ್ಲಿಗೆ ಹೋದರು, ಒಂದು ಚೊಂಬು ನೀರು ಕುಡಿದರು, ‘ಚೆನ್ನಾಗಿದೆ’ ಎಂದರು, ಬಂದರು.

ಕೆಲವು ವಾರಗಳಲ್ಲಿ ಕೆಂಪಾಜಮ್ಮನ ಮೊಮ್ಮಗು ವಾಂತಿಭೇದಿಯಿಂದ ನಿತ್ರಾಣವಾಗಿ ಆಸ್ಪತ್ರೆ ಸೇರಿತು. ಹೇಗೋ ಬದುಕಿಕೊಂಡಿತು. ಮನೆಗೆ ಕರೆತಂದರೆಂದು ತಿಳಿದು ನಾನು ನೋಡಲು ಹೋದೆ. ಮಗುವಿನ ತೋಳು ನುಗ್ಗೆಕಾಯಿಯಂತಾಗಿತ್ತು. ಸೊಸೆ ತಲೆ ಎತ್ತಲಿಲ್ಲ. ಅತ್ತೆ ತಂದಿಟ್ಟ ನೀರು ಮುಗಿದ ದಿನ, ಮತ್ತಷ್ಟು ತರಲು ಸೋಮಾರಿತನ ಮಾಡಿ, ಮನೆ ಬಾವಿಯದನ್ನೇ ಮಗುವಿಗೆ ಕುಡಿಸಿದ್ದಳಂತೆ. ತಂದಿಟ್ಟ ನೀರು ಎಂದರೇನೆಂದು ನನಗೆ ಅರ್ಥವಾಗಲಿಲ್ಲ. ಕೆಂಪಾಜಮ್ಮ ನನ್ನನ್ನು ಹಿತ್ತಿಲಿನ ಬಾವಿಯ ಬಳಿಗೆ ಕರೆದೊಯ್ದಳು. ಬಗ್ಗಿ ನೋಡಿದೆ. ಕಲ್ಲುಗಳ ಸಂದಿನಿಂದ ಕಂದು ಬಣ್ಣದ ಒಂದು ಎಳೆ ಒಸರಿ, ನಿಧಾನವಾಗಿ ಕೆಳಗಿಳಿಯುತ್ತಿತ್ತು. ನಾವು ಹೋಯಿತೆಂದುಕೊಂಡ ಬಗ್ಗಡ ಎಲ್ಲಿಗೂ ಹೋಗಿರಲಿಲ್ಲ.

ಹಾಗಾದರೆ ನಮ್ಮವರು ಕುಡಿದದ್ದು ಏನನ್ನು ಎಂದು ಕೇಳಿದೆ.

“ನಿಮ್ಮ ಬೀದಿ ಬಾವೀದು ಅಕ್ಕ,” ಎಂದಳು. “ವಾಸ್ನೆ ಬಂದಾಗ್ಲಿಂದ ಕುಡಿಯಾಕೆ ಅದನ್ನೇ ಹೊತ್ಕೊಂಡ್ ಬತ್ತಾ ಇದ್ದೆ. ಅವತ್ತು ಇದನ್ನೇ ಕೊಡಬೇಕು ಅಂತ ಸೇದಿ ಇಟ್ಟಿದ್ದೆ. ಅಣ್ಣಾರು ಬಿಸಿಲಲ್ಲಿ ಬಂದು ಜಗಲಿ ಮ್ಯಾಲೆ ಕೂತ್ರು. ಮನೆಗೆ ಬಂದೋರ್ಗೆ ಈ ನೀರು ಕೊಡಾಕೆ ಕೈ ಬರ್ಲಿಲ್ಲ. ಮಗೀಗೆ ನಾನೇ ಮಾಡಿದ್ದು ಇದು.”

ನನಗೆ ಬೈಯಲು ಬಾಯಿ ಬರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಸಂಜೆ ಊಟಕ್ಕೆ ಬಡಿಸುತ್ತ ಎಲ್ಲವನ್ನೂ ಹೇಳಿದೆ. ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಅವರು ತಟ್ಟೆಯಲ್ಲೇ ಕೈ ಇಟ್ಟುಕೊಂಡು ಕುಳಿತರು. ನಮ್ಮ ಬೀದಿ ಬಾವಿಯ ತಳಕ್ಕೆ ಹಿಂದಿನವರು ನೆಲ್ಲಿ ಮರದ ಹಲಗೆ ಹಾಕಿದ್ದರು. ಆ ನೀರಿನ ರುಚಿಯೇ ಬೇರೆ, ಕುಡಿದು ಬೆಳೆದವರಿಗೆ ಕಣ್ಣು ಕಟ್ಟಿದರೂ ಗೊತ್ತಾಗುತ್ತದೆ.

“ಮೊದಲನೇ ಗುಟುಕಿಗೇ ಗೊತ್ತಾಯ್ತು ಕಣೆ,” ಎಂದರು. “ಇದು ನಿನ್ನ ಬಾವೀದಲ್ಲ ಅಂತ ಆ ಹೆಂಗಸಿನ ಮುಖಕ್ಕೆ ಹೇಗೆ ಹೇಳೋದು ಅಂತ ಸುಮ್ಮನಾದೆ.” ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು, “ಮಾದಪ್ಪನ ಮನೇಲಿ ಹೋಳಿಗೆ ಊಟ ಕಾಯ್ತಿತ್ತು. ಅದೂ ಒಂದು.”

ಆ ಎರಡನೆಯ ಮಾತನ್ನು ಅವರು ಹೇಳದೆಯೂ ಇರಬಹುದಿತ್ತು. ಹೇಳಿದ್ದಕ್ಕೇ ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಅಂದಿನಿಂದ ಅವರು ನಮ್ಮ ಬಾವಿಯ ನೀರು ಕುಡಿಯುವಾಗಲೆಲ್ಲ ಒಂದು ಗಳಿಗೆ ತಡೆದು ಕುಡಿಯುವುದನ್ನು ನೋಡಿ ನಾನೇ ಬೇರೆ ಕಡೆ ತಿರುಗುತ್ತಿದ್ದೆ.

ಮಂಡಳಿಯ ಸಭೆಯಲ್ಲಿ ಎದ್ದು ನಿಂತು, ಹೋಳಿಗೆಯ ಮಾತೂ ಸೇರಿಸಿ ಎಲ್ಲವನ್ನೂ ಹೇಳಿಬಿಟ್ಟರು. ಕೆಲವರು ನಕ್ಕರಂತೆ. ದೊಡ್ಡಮಾದಪ್ಪ ನಗಲಿಲ್ಲ. ನೀವು ತೋರಿಸಿದ ಜಾಗದಲ್ಲೇ ತೋಡಿದೆನಲ್ಲ, ಈಗ ಮುಚ್ಚು ಅಂದರೆ ಇಷ್ಟು ಹಸುಗಳ ಬಗ್ಗಡವನ್ನು ತಲೆ ಮೇಲೆ ಹೊತ್ತುಕೊಳ್ಳಲೇ ಎಂದು ಕೇಳಿದ. ತಪ್ಪು ಮಾತೇನಲ್ಲ. ಒಮ್ಮೆ ಚೆನ್ನಾಗಿದೆ ಅಂದ ಮೇಲೆ ಮುಗಿಯಿತು, ಅವಧಿ ಕಳೆಯುವವರೆಗೆ ಏನೂ ಮಾಡಲಾಗದು ಎಂದರು ಅಧ್ಯಕ್ಷರು. ನಮ್ಮವರು ಜಗ್ಗಲಿಲ್ಲ. ಕುಡಿಯಬೇಕಾದ ನೀರನ್ನು ತಾನಿನ್ನೂ ಕುಡಿದೇ ಇಲ್ಲ, ಆದ್ದರಿಂದ ಪದ್ಧತಿ ಇನ್ನೂ ನಡೆದೇ ಇಲ್ಲ ಎಂದು ಪಟ್ಟು ಹಿಡಿದರು. ಕೊನೆಗೆ ಇಡೀ ಮಂಡಳಿ ಕೆಂಪಾಜಮ್ಮನ ಅಂಗಳಕ್ಕೆ ಬರುವುದೆಂದು ಆಯಿತು. ಅಲ್ಲಿ ಇವರು ಏನು ಹೇಳುತ್ತಾರೋ ಅದರ ಮೇಲೆ ಗುಂಡಿ ಉಳಿಯುವುದು ಅಥವಾ ಹೋಗುವುದು.

ನಾನೂ ಹೋಗಿದ್ದೆ. ಮಂಡಳಿಯವರೆಲ್ಲ ಸಾಲಾಗಿ ನಿಂತಿದ್ದರು, ಪಕ್ಕದಲ್ಲಿ ದೊಡ್ಡಮಾದಪ್ಪ. ಸೊಸೆ ಮಗುವನ್ನೆತ್ತಿಕೊಂಡು ಬಾಗಿಲ ಮರೆಯಲ್ಲಿದ್ದಳು. ಕೆಂಪಾಜಮ್ಮ ಎಲ್ಲರೆದುರಿಗೇ ತನ್ನ ಬಾವಿಯಿಂದ ಸೇದಿದಳು. ಬಿಂದಿಗೆಯ ವಾಸನೆ ನಾನಿದ್ದಲ್ಲಿಗೂ ಬಂತು. ನಮ್ಮವರು ಅವಳ ಮುಂದೆ ಮೊಣಕಾಲೂರಿ ಬೊಗಸೆಯೊಡ್ಡಿದರು. ಅವಳ ಕೈ ಬಿಂದಿಗೆಯನ್ನು ಎತ್ತಿತು, ಬಗ್ಗಿಸಲಿಲ್ಲ.

“ಹುಯ್ಯಿ ತಾಯಿ,” ಎಂದರು ಇವರು. “ನಂಗೆ ಮರ್ಯಾದೆ ಕೊಟ್ಟು ಸಾಕು.”

ಅವಳು ಹುಯ್ದಳು. ಅವರು ಮುಖ ಕಿವುಚದೆ ಕುಡಿದರು. ಚೆನ್ನಾಗಿಲ್ಲ ಎಂಬ ಒಂದು ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಅಧ್ಯಕ್ಷರು ತಲೆಯಾಡಿಸಿದರು. ಗುಂಡಿ ಮುಚ್ಚುವುದು ಅಷ್ಟಕ್ಕೇ ಗಟ್ಟಿಯಾಗಿತ್ತು. ಆದರೆ ಇವರು ಏಳಲಿಲ್ಲ, ಮತ್ತೆ ಬೊಗಸೆಯೊಡ್ಡಿದರು.

“ಸಾಕು ಅಣ್ಣ, ಕುಡುದ್ರಲ್ಲ,” ಎಂದಳು ಕೆಂಪಾಜಮ್ಮ.

“ಇದು ಇವತ್ತಿಂದು. ಅವತ್ತು ಕುಡೀಬೇಕಿದ್ದದ್ದು ಇನ್ನೂ ಹಾಗೇ ಇದೆ.”

ದೊಡ್ಡಮಾದಪ್ಪ ತನ್ನ ಪೇಟ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಕೆಂಪಾಜಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ಎಲ್ಲಿ ಬೀಳುತ್ತದೆಂದು ನೋಡದೆ, ಬಿಂದಿಗೆಯನ್ನು ಬಗ್ಗಿಸಿದಳು.