ಎಡಗೈಯ ಫಿಲ್ಮ್

ಮೂಳೆಯ ಪಾಠ ಬಂತೆಂದರೆ ನನಗೆ ಹುಮ್ಮಸ್ಸು ಜಾಸ್ತಿ. ಆದರೆ ಶಾಲೆಯ ಪ್ಲಾಸ್ಟಿಕ್ ಅಸ್ಥಿಪಂಜರ ತೋರಿಸಿ ತೋರಿಸಿ ಸಾಕಾಗಿತ್ತು. ಕಳಚಿಬಿದ್ದ ಅದರ ದವಡೆಗೆ ದಾರ ಕಟ್ಟಿ ನಿಲ್ಲಿಸಿದ್ದೆವು. ಮಕ್ಕಳು ಪಾಠ ಬಿಟ್ಟು ಅದನ್ನು ನೋಡಿ ನಗುತ್ತಿದ್ದವು. ಅದಕ್ಕೇ ಈ ವರ್ಷ ತಂಗಿಗೆ ಗಂಟುಬಿದ್ದೆ. ಅವಳು ನಮ್ಮೂರ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ.

“ನಿಜವಾದ ಫಿಲ್ಮ್ ತಗೊಂಡು ಬಾರೇ. ಎಂಟನೇ ಕ್ಲಾಸಿನ ಕಪಿಸೈನ್ಯ ಸ್ವಲ್ಪ ಬಾಯಿ ಮುಚ್ಕೊಂಡು ನೋಡುತ್ತೆ.”

“ಪೇಷೆಂಟ್‌ಗಳದ್ದು ಹಾಗೆಲ್ಲ ಹೊರಗೆ ತರಬಾರದು ಅಕ್ಕ.”

“ಹೆಸರಿರೋ ಅಂಚು ಕತ್ತರಿಸಿಬಿಡು. ಆಮೇಲೆ ಯಾರದ್ದು ಅಂತ ಯಾರಿಗೆ ಗೊತ್ತಾಗುತ್ತೆ?”

ನಾನು ಹಿಡಿದ ಹಟ ಬಿಟ್ಟವಳಲ್ಲ. ಪಾಪ, ಒಪ್ಪಿದಳು. ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ತೆಗೆದು, ಪಕ್ಕಕ್ಕೆ ಎಸೆದಿದ್ದ ಫಿಲ್ಮುಗಳನ್ನೇ ಆರಿಸಿ ತಂದಳು.

ಆ ಕ್ಲಾಸಿನಲ್ಲಿ ಒಬ್ಬ ಹುಡುಗಿಯಿದ್ದಾಳೆ. ನೆಗೆಯುವುದನ್ನು ನೋಡಿ ಎಲ್ಲರೂ ಮಿಡತೆ ಅನ್ನುತ್ತಾರೆ. ವಾಲಿಬಾಲ್ ಅಂದರೆ ಊಟ ನಿದ್ದೆ ಬೇಡ. ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದವಿದ್ದವಳು. ಬೇರೆಯವರೆಲ್ಲ ದಾಟಿಕೊಂಡು ಹೋದರೂ ಅಲ್ಲೇ ನಿಂತುಬಿಟ್ಟಳು. ಶಾಲೆಯ ತಂಡಕ್ಕೆ ಸೇರಬೇಕಾದರೆ ಆಟದ ಮೇಷ್ಟ್ರು ಗೋಡೆಗೆ ಎಳೆದ ಗುರುತಿಗೆ ತಲೆ ಮುಟ್ಟಬೇಕು, ಇವಳಿಗೆ ನಾಲ್ಕು ಬೆರಳಷ್ಟು ಎತ್ತರ ಸಾಲದು. ಮನೆಯವರು ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ಕೂಡ ತೆಗೆಸಿದ್ದರು. “ಎಲ್ಲ ಸರಿಯಾಗಿದೆಯಂತೆ ಮಿಸ್, ಮುಂದಿನ ವರ್ಷ ಬೆಳೀತೀನಂತೆ. ಅಮ್ಮ ಹೇಳಿದ್ರು!” ಎಂದು ನನ್ನೆದುರು ಕುಣಿದಿದ್ದಳು. ಇಷ್ಟೆಲ್ಲ ಗೊತ್ತಿದ್ದೂ ನನ್ನ ದಡ್ಡ ತಲೆಗೆ ಒಂದೂ ಹೊಳೆಯಲಿಲ್ಲ.

ಪಾಠದ ದಿನ ತಂಗಿಯೇ ಕ್ಲಾಸಿಗೆ ಬಂದು ಫಿಲ್ಮುಗಳನ್ನು ಕಿಟಕಿಯ ಗಾಜಿಗೆ ಅಂಟಿಸಿದಳು. ಪಕ್ಕೆಲುಬು, ಮಂಡಿಚಿಪ್ಪು, ಬೆನ್ನುಮೂಳೆ. ಆಮೇಲೆ ಪುಟ್ಟ ಮಗುವಿನ ಒಂದು ಕೈ, ಕೊನೆಗೆ ಅದಕ್ಕಿಂತ ದೊಡ್ಡದಾದ ಇನ್ನೊಂದು ಕೈ. ಮಗುವಿನ ಕೈ ತೋರಿಸುತ್ತಾ,

“ಮೂಳೆ ಉದ್ದ ಆಗೋದು ಮಧ್ಯದಲ್ಲಲ್ಲ, ತುದಿ ಹತ್ರ. ಇಲ್ಲಿ ಕಪ್ಪು ಗೆರೆ ಕಾಣುತ್ತಲ್ವಾ? ಅದು ಮೆತ್ತಗಿನ ಭಾಗ. ಅಲ್ಲಿಂದಾನೇ ಬೆಳೆಯೋದು. ಅದು ಗಟ್ಟಿಯಾಗಿ ಮುಚ್ಚಿಹೋಯ್ತು ಅಂದ್ರೆ ಮುಗೀತು, ಆಮೇಲೆ ಉದ್ದ ಆಗಲ್ಲ” ಎಂದಳು.

ಅಷ್ಟಕ್ಕೇ ಬಿಡಬಹುದಿತ್ತು. ನನ್ನ ಬಾಯಿ ಸುಮ್ಮನಿದ್ದರಲ್ಲವೇ! ಕೊನೆಯ ಫಿಲ್ಮಿಗೆ ಕೋಲು ತೋರಿಸಿ, “ಇದು ಯಾರದ್ದೋ ಎಡಗೈ. ಇವರು ಇನ್ನೂ ಬೆಳೀತಾರಾ, ಇಲ್ವಾ? ಯಾರು ಹೇಳ್ತೀರಿ?” ಎಂದೆ.

ಮೊದಲು ಎದ್ದದ್ದು ಮಿಡತೆಯ ಕೈ. ಕರೆದು ಕೋಲು ಕೊಟ್ಟೆ. ಮಣಿಕಟ್ಟು, ಬೆರಳುಗಳ ಬುಡ, ಒಂದೊಂದನ್ನೇ ಕಣ್ಣು ಕಿರಿದು ಮಾಡಿ ನೋಡಿದಳು.

“ಗೆರೆ ಎಲ್ಲೂ ಇಲ್ಲ ಮಿಸ್. ಇವರು ಇನ್ನು ಬೆಳೆಯಲ್ಲ. ಯಾರೋ ದೊಡ್ಡವರದ್ದಿರಬೇಕು.”

“ಭಲೇ!” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳು ಮಾತ್ರ ಕೋಲು ಇಳಿಸಲಿಲ್ಲ. ಫಿಲ್ಮಿನಲ್ಲಿದ್ದ ಕಿರುಬೆರಳು ನಡುಗಂಟಿನಲ್ಲಿ ಹೊರಕ್ಕೆ ಸೊಟ್ಟಗಾಗಿತ್ತು. ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕಿಕೊಂಡ ಅವಳ ಬೆರಳೂ ಹಾಗೆಯೇ ಇದೆ. ಅದನ್ನು ಗೇಲಿ ಮಾಡದವರು ಕ್ಲಾಸಿನಲ್ಲಿ ಯಾರೂ ಇಲ್ಲ. ನಿಧಾನವಾಗಿ ತನ್ನ ಎಡಗೈಯನ್ನು ಗಾಜಿನ ಪಕ್ಕಕ್ಕೆ ಹಿಡಿದಳು. ಚಪ್ಪಾಳೆ ನಿಂತಿತು.

ತಂಗಿಯ ಕಡೆ ತಿರುಗಿದರೆ ಅವಳ ಮುಖ ಬಿಳಿಚಿಕೊಂಡಿತ್ತು.

“ದಿನಾ ಎಷ್ಟೋ ಕೈ ಬರ್ತವೆ ಅಕ್ಕ. ನಾನು ನೋಡೋದು ಕೈ, ಮುಖ ಅಲ್ಲ” ಎಂದು ಪಿಸುಗುಟ್ಟಿದಳು.

ಅವಳನ್ನು ಬೈದು ಏನು ಪ್ರಯೋಜನ? ಹೆತ್ತವರು ಹೊತ್ತು ನೋಡಿ ಹೇಳೋಣವೆಂದು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಮಾತನ್ನು ನಾನು ಆ ಮಗುವಿನ ಬಾಯಿಂದಲೇ, ಇಡೀ ಕ್ಲಾಸಿನ ಎದುರು ಹೇಳಿಸಿ, ಮೇಲೆ ಭಲೇ ಅಂದಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಿಡತೆ ಅಳಲಿಲ್ಲ. ಅತ್ತಿದ್ದರೆ ಅಪ್ಪಿಕೊಳ್ಳಬಹುದಿತ್ತು. ನನ್ನ ಕಡೆ ತಿರುಗಿ, ತೀರಾ ಸಣ್ಣ ದನಿಯಲ್ಲಿ ಕೇಳಿದಳು.

“ಮಿಸ್, ನನ್ನ ಉತ್ತರ ತಪ್ಪಿರಬಹುದಲ್ವಾ?”

ಯಾವತ್ತೂ ಸರಿಯುತ್ತರಕ್ಕೆ ಹಾತೊರೆಯುತ್ತಿದ್ದ ಮಗು, ಇವತ್ತು ತಪ್ಪು ಅನ್ನಿಸಿಕೊಳ್ಳಲು ನನ್ನ ಮುಖವನ್ನೇ ನೋಡುತ್ತಿತ್ತು. ತಪ್ಪು ಎಂದುಬಿಡೋಣ ಅನ್ನಿಸಿತು. ಆದರೆ ಈಗಷ್ಟೇ ಪಾಠ ಕೇಳಿದ ಅಷ್ಟೂ ಮಕ್ಕಳ ಕಣ್ಣು ಆ ಫಿಲ್ಮಿನ ಮೇಲೇ ಇತ್ತು, ಅವಳದ್ದೂ.

“ಇಲ್ಲ ಕಂದ. ಸರಿಯಾಗೇ ಹೇಳಿದೀಯ” ಎಂದೆ.