ಕಾರ್ಡಕ್ಕನಿಗೆ ಒಂದು ಕಾರ್ಡು

ಅಂಚೆ ಕಚೇರಿ ಪಕ್ಕದ ಶುಭಾಶಯ ಪತ್ರಗಳ ಅಂಗಡಿಯಾಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಇಲ್ಲವೆಂದಲ್ಲ. ಆದರೆ ಊರಿನ ಬಾಯಲ್ಲಿ ಅದು ಎಂದೋ ಸವೆದುಹೋಗಿ ಆಕೆ ಎಲ್ಲರಿಗೂ ಕಾರ್ಡಕ್ಕ ಆಗಿಬಿಟ್ಟಿದ್ದಳು. ಪ್ರೀತಿಸಿದ ಹುಡುಗ ಅತ್ತಿತ್ತ ನೋಡಿಕೊಂಡು ಬಂದರೂ ಅಷ್ಟೇ, ಅಣ್ಣನ ಜೊತೆ ಜಗಳವಾಡಿದ ತಂಗಿ ಮುಖ ಊದಿಸಿಕೊಂಡು ಬಂದರೂ ಅಷ್ಟೇ, ಕಾರ್ಡು ಆರಿಸಿದ ಮೇಲೆ ಕೇಳುವುದು ಒಂದೇ ಮಾತು: "ಏನು ಬರೀಲಿ ಅಕ್ಕಾ?" ಕಾರ್ಡಕ್ಕ ಪೆನ್ನಿನ ಮುಚ್ಚಳ ತೆಗೆದು ಅವರ ಕೈಗಿಟ್ಟು "ಬರ್ಕೋ" ಎನ್ನುವಳು. ಆಕೆ ಹೇಳಿಕೊಟ್ಟ ಮಾತಿಗೆ ಎಷ್ಟೋ ಮನೆಗಳಲ್ಲಿ ಮುನಿಸು ಇಳಿದಿದೆ, ಒಂದೆರಡು ಮದುವೆಗಳೂ ಕೂಡಿಬಂದಿವೆ.

ಆಕೆಯ ಯಜಮಾನರದು ಇದಕ್ಕೆ ತದ್ವಿರುದ್ಧ. ಬಾಯಿ ಬಿಟ್ಟರೆ ಮುತ್ತು ಉದುರಿಹೋದೀತು ಎಂಬ ಹಾಗೆ ಇರುವ ಆಸಾಮಿ. ಬಾಗಿಲ ಬಳಿ ಗಲ್ಲಾಪೆಟ್ಟಿಗೆ, ಅದರ ಪಕ್ಕ ಅವರ ಮರದ ಕುರ್ಚಿ. ಲೋಕದ ಅಂಗಡಿಯವರೆಲ್ಲ ಬೀದಿಗೆ ಮುಖ ಮಾಡಿ ಕೂತರೆ ಇವರು ಬೀದಿಗೆ ಬೆನ್ನು ಹಾಕಿ, ಕಾರ್ಡಕ್ಕ ನಿಲ್ಲುವ ಸಾಲುಗಳ ಕಡೆಗೆ ಒಳಮುಖವಾಗಿ ಕೂರುವವರು. "ಬೆನ್ನು ತೋರಿಸ್ಕೊಂಡು ಕೂತ್ರೆ ಯಾವ ಗಿರಾಕಿ ಒಳಗೆ ಬರ್ತಾನ್ರೀ? ಆ ಕಡೆ ತಿರುಗಿ ಸ್ವಲ್ಪ ನಗಬಾರ್ದಾ?" ಎಂದು ಕಾರ್ಡಕ್ಕ ಬೈದದ್ದಕ್ಕೆ ಲೆಕ್ಕವಿಲ್ಲ. "ಕದಿಯೋರು ಒಳಗಿರ್ತಾರೆ ಕಣೇ, ಬೀದೀಲಲ್ಲ" ಎನ್ನುವುದು ಅವರ ಉತ್ತರ. ಹಾಗೆ ನೋಡಿದರೆ ಆ ಅಂಗಡಿಯಲ್ಲಿ ಒಂದು ಕಾರ್ಡೂ ಎಂದೂ ಕಳುವಾದದ್ದಿಲ್ಲ.

ಕದಿಯುವುದಿರಲಿ, ದುಡ್ಡು ಕೊಟ್ಟು ಕೊಳ್ಳುವವರೇ ಇಲ್ಲದ ಕಾಲ ಬಂತು. ಫೋನಿಗೆ ಯಾರೋ ಒಂದು ಹೂವಿನ ಚಿತ್ರ ಕಳಿಸುತ್ತಾರೆ. ಅದನ್ನೇ ಹೆಬ್ಬೆರಳಲ್ಲಿ ಒತ್ತಿ ಅತ್ತೆಗೂ ಕಳಿಸು, ಆಫೀಸಿನ ಸಾಹೇಬನಿಗೂ ಕಳಿಸು, ಮುಗಿಯಿತು ಕೆಲಸ! ಅಂಗಡಿಗೆ ಬಂದವರು ಕಾರ್ಡು ಬಿಡಿಸಿ, ಫೋಟೋ ಹೊಡೆದುಕೊಂಡು, ಮತ್ತೆ ಅಲ್ಲೇ ಸಿಕ್ಕಿಸಿ ಹೋಗತೊಡಗಿದಾಗ ಕಾರ್ಡಕ್ಕನ ಹೊಟ್ಟೆ ಉರಿದುಹೋಯಿತು. ಕೊನೆಗೆ ಗಂಡ ಹೆಂಡತಿ ಕೂತು ಅಂಗಡಿ ಮುಚ್ಚುವುದೆಂದೂ ಉಳಿದ ಸರಕನ್ನು ರದ್ದಿಯವನಿಗೆ ಹಾಕುವುದೆಂದೂ ತೀರ್ಮಾನಿಸಿದರು.

ರದ್ದಿಯವನು ಬರುವುದಕ್ಕೆ ಹಿಂದಿನ ಸಂಜೆ ಹಳೆಯ ಗಿರಾಕಿ ಟೀಚರಮ್ಮ ಬಂದರು. ಕಾರ್ಡು ಆರಿಸುವ ನೆಪದಲ್ಲಿ ಅಂಗಡಿಯನ್ನೆಲ್ಲ ಕಣ್ಣು ತುಂಬ ನೋಡಿದರು.

"ನಿಮ್ಮನೇಲಿ ಬಿಡಿ, ಪೆಟ್ಟಿಗೆಗಟ್ಟಲೆ ಕಾರ್ಡ್ ಬಂದು ಬಿದ್ದಿರ್ಬೇಕು" ಎಂದರು.

"ಅಯ್ಯೋ, ಒಂದೂ ಇಲ್ಲ ಟೀಚರಮ್ಮ! ಕಾರ್ಡ್ ಅಂಗಡಿಯವಳಿಗೆ ಕಾರ್ಡ್ ಯಾರು ಕೊಡ್ತಾರೆ? ಕೊಡೋಣ ಅಂದ್ರೂ ನನ್ನೆದುರಿಗೇ ಆರಿಸಿ, ನನ್ನನ್ನೇ ಏನು ಬರೀಲಿ ಅಂತ ಕೇಳ್ಬೇಕಲ್ಲ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗುತ್ತ ನಗುತ್ತಲೇ ಕಾರ್ಡಕ್ಕ ಕಣ್ಣು ಒರೆಸಿಕೊಂಡಳು. "ಒಂದಾದ್ರೂ ಬರ್ಬೇಕಿತ್ತು ನೋಡಿ, ನನಗೆ ಅಂತ" ಎಂದಳು. ಏಣಿಯ ಮೇಲೆ ಬಲ್ಬು ಬಿಚ್ಚುತ್ತಿದ್ದ ಯಜಮಾನರು ಕೆಮ್ಮಿದರು. ಆಸೆ ಇದ್ದದ್ದು ಯಾರ ಕಾರ್ಡಿಗೆ ಎಂಬುದು ಟೀಚರಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಅವರು ಏಣಿಯ ಕಡೆ ನೋಡದೆ ಚೀಲ ಎತ್ತಿಕೊಂಡು ಹೊರಟರು.

ಮಾರನೆಯ ಬೆಳಿಗ್ಗೆ ಯಜಮಾನರು "ಸ್ವಲ್ಪ ಕೆಲ್ಸ ಇದೆ" ಎಂದವರೇ ಛತ್ರಿ ಹಿಡಿದು ಹೊರಟುಬಿಟ್ಟರು. ಇವತ್ತೇ ಇವರಿಗೆ ಕೆಲಸ ಬರಬೇಕೆ ಎಂದು ಕಾರ್ಡಕ್ಕ ಉರಿದುಬಿದ್ದಳು. ಅಂಗಡಿಯನ್ನು ಮೂಟೆ ಕಟ್ಟುವುದನ್ನು ನೋಡಲಾರದೆ ತಪ್ಪಿಸಿಕೊಂಡರು, ಸಂಕಟ ಎಲ್ಲ ನನ್ನ ತಲೆಗೇ ಕಟ್ಟಿದರು ಎಂದುಕೊಂಡಳು.

ರದ್ದಿಯವನು ತಕ್ಕಡಿ, ಗೋಣಿಚೀಲ ತಂದ. ಪ್ರತಿ ಸಾಲಿನ ಮೇಲೂ ಬಿಳಿ ರಟ್ಟಿನ ಪಟ್ಟಿಯೊಂದಿತ್ತು: ಅಮ್ಮನಿಗೆ, ಗೆಳತಿಗೆ, ಅಣ್ಣನಿಗೆ, ಹೆಂಡತಿಗೆ. ಅಂಗಡಿ ತೆರೆದಾಗ ಕಾರ್ಡಕ್ಕನೇ ಕೆಂಪು ಬಣ್ಣದಲ್ಲಿ ಬರೆದು ಅಂಟಿಸಿದ್ದು, ಉದುರುತ್ತದೆಂದು ಯಜಮಾನರು ಮೊಳೆ ಹೊಡೆದದ್ದು. ಅವನು ಅಮ್ಮಂದಿರನ್ನೂ ಗೆಳತಿಯರನ್ನೂ ಒಂದೇ ಚೀಲಕ್ಕೆ ತುರುಕುತ್ತ ಹೆಂಡತಿಯರ ಸಾಲಿಗೆ ಬಂದಾಗ ಕಾರ್ಡಕ್ಕ "ತಡಿಯಪ್ಪ" ಎಂದು ಒಂದನ್ನು ಎಳೆದುಕೊಂಡಳು. ನೀಲಿ ಕಿಟಕಿ, ಕಿಟಕಿಯಲ್ಲಿ ಎರಡು ಲೋಟ. ಎಷ್ಟೋ ಸಲ ಆಸೆಪಟ್ಟು ನೋಡಿದ್ದ ಕಾರ್ಡು ಅದು. ಇಟ್ಟುಕೊಂಡುಬಿಡಲೇ ಎಂದಿತು ಮನಸ್ಸು. ತನಗೆ ತಾನೇ ಕೊಟ್ಟುಕೊಳ್ಳುವ ದರಿದ್ರ ಏನು ಬಂದಿದೆ ಎಂದುಕೊಂಡು ತಾನೇ ಅದನ್ನು ಚೀಲಕ್ಕೆ ಹಾಕಿದಳು.

"ಈ ಪಟ್ಟಿಗಳೂ ಹಾಕ್ಲಾ ಅಕ್ಕಾ?"

"ಬಿಡು, ಮೊಳೆ ಹೊಡೆದಿದೆ."

ಗಾಡಿ ಮೂಲೆ ತಿರುಗುವವರೆಗೆ ಆಕೆ ಬಾಗಿಲಲ್ಲಿ ನಿಂತಿದ್ದಳು. ಅಂಗಡಿಯಲ್ಲಿ ಉಳಿದದ್ದು ಜೋಡಿ ತಪ್ಪಿದ ಒಂದಷ್ಟು ಖಾಲಿ ಕವರುಗಳು, ಗಲ್ಲಾಪೆಟ್ಟಿಗೆ, ಕುರ್ಚಿ, ಆಕೆ.

ಮಧ್ಯಾಹ್ನ ಇಳಿದ ಮೇಲೆ ಯಜಮಾನರು ಬೆವರಿನಲ್ಲಿ ತೊಯ್ದು ಬಂದರು. ಕಾರ್ಡಕ್ಕ ಬೈಯಲು ಬಾಯಿ ತೆರೆದಳು. ಅವರ ಮುಖ ನೋಡಿ ನೀರು ಕೊಟ್ಟಳು.

"ಎಲ್ಲೂ ಇಲ್ಲ ಕಣೇ" ಎಂದರು.

"ಏನು ಎಲ್ಲೂ ಇಲ್ಲ?"

"ಕಾರ್ಡು. ಬಸ್ ಸ್ಟ್ಯಾಂಡ್ ಹತ್ರದವನು ಫೋನ್ ಕವರ್ ಮಾರ್ತಾನೆ. ಪುಸ್ತಕದಂಗಡೀಲಿ ಅದೆಲ್ಲ ಈಗ ತರಿಸಲ್ಲ ಅಂದ್ರು. ಆಸ್ಪತ್ರೆ ಎದುರಿನ ಅಂಗಡಿ ಹುಡುಗಿ ಒಳ್ಳೆಯವಳು. ಅಂಚೆ ಕಚೇರಿ ಪಕ್ಕ ಒಬ್ರು ಅಕ್ಕ ಇನ್ನೂ ಇಟ್ಟಿದಾರೆ, ಅಲ್ಲಿಗೆ ಹೋಗಿ ತಾತ ಅಂತ ದಾರಿ ಹೇಳಿಕೊಟ್ಲು."

ಕಾರ್ಡಕ್ಕನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. "ನಮ್ಮಂಗಡಿ ತುಂಬ ಇತ್ತಲ್ರೀ!"

"ನಿನ್ನಂಗಡಿದೇ ತೆಗೆದು ನಿನಗೆ ಕೊಟ್ರೆ ಅದು ಕೊಟ್ಟ ಹಾಗಾ? ಅದಕ್ಕೇ ಇಷ್ಟು ವರ್ಷ..." ಎಂದವರು ಬೆವರು ಒರೆಸಿಕೊಂಡರು. "ಇರ್ಲಿ, ಈಗ ಇಲ್ಲಿ ಉಳಿದಿರೋದ್ರಲ್ಲೇ ಒಂದು ತಗೋತೀನಿ" ಎಂದು ಎದ್ದರು. ಬಲ್ಬಿಲ್ಲದ ಅರೆಗತ್ತಲಲ್ಲಿ ಹೆಂಡತಿಯರ ಸಾಲಿಗೆ ಕೈ ಹಾಕಿದರು. ಕೈಗೆ ಬರಿ ಹಲಗೆ ಸಿಕ್ಕಿತು.

"ಒಂದೂ ಇಟ್ಕೊಳ್ಳಲಿಲ್ವಾ?"

"ಇಲ್ಲ."

ಅವರು ಆ ಹಲಗೆಯನ್ನು ಉದ್ದಕ್ಕೂ ತಡವಿ ನೋಡಿದರು. ಆಮೇಲೆ ಗಲ್ಲಾದಿಂದ ಇಕ್ಕಳ ತಂದು, ತಾವೇ ಹೊಡೆದಿದ್ದ ಮೊಳೆ ಕಿತ್ತು, "ಹೆಂಡತಿಗೆ" ಎಂಬ ರಟ್ಟಿನ ಪಟ್ಟಿಯನ್ನು ಬಿಡಿಸಿಕೊಂಡರು. ಅದರ ಬೆನ್ನು ಒರೆಸಿ ಕುರ್ಚಿಯಲ್ಲಿ ಕೂತರು.

"ಏನು ಬರೀಲಿ?" ಎಂದು ಕೇಳಿದರು.

ಊರಿಗೆಲ್ಲ ಹೇಳಿಕೊಟ್ಟ ಕಾರ್ಡಕ್ಕ ಪೆನ್ನಿನ ಮುಚ್ಚಳ ತೆಗೆದು ಅವರ ಕೈಗಿಟ್ಟಳು. "ನಾನು ಹೇಳಲ್ಲ. ನಿಮಗೆ ತೋಚಿದ್ದು ಬರೀರಿ" ಎಂದು ಗೋಡೆ ಕಡೆ ತಿರುಗಿ ನಿಂತಳು.

ಪೆನ್ನು ಓಡುವ ಸದ್ದು ಬೇಗ ಕೇಳಿಸಲಿಲ್ಲ. ಕೇಳಿಸಿದ್ದೂ ಬೇಗ ನಿಂತಿತು. ಯಜಮಾನರು ತಲೆ ಎತ್ತದೆ ಪಟ್ಟಿಯನ್ನು ಚಾಚಿದರು. ಬಾಗಿಲ ಬೆಳಕಿಗೆ ಹಿಡಿದು ಓದಿದಳು.

"ನಾಳೆಯಿಂದ ನನ್ನ ಕುರ್ಚಿ ಯಾವ ಕಡೆಗೆ ಹಾಕಲಿ?"

ಆಗ ಗೊತ್ತಾಯಿತು ಕಾರ್ಡಕ್ಕನಿಗೆ, ಇಷ್ಟು ವರ್ಷ ಅವರು ಯಾವ ಕಳ್ಳನನ್ನು ಕಾಯುತ್ತಿದ್ದರು ಎಂಬುದು. ಬೀದಿಗೆ ತಿರುಗಿ ಕೂರಿ ಎಂದು ದಿನಾ ಬೈದದ್ದೆಲ್ಲ ನೆನಪಾಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಬಿದ್ದಿದ್ದ ಕವರುಗಳಲ್ಲಿ ಒಂದು ಉದ್ದನೆಯದನ್ನು ಹುಡುಕಿ ಅವರ ಮುಂದೆ ಇಟ್ಟಳು.

"ಕವರಿಲ್ದೆ ಯಾರಾದ್ರೂ ಕಾರ್ಡ್ ಕೊಡ್ತಾರಾ? ಸರಿಯಾಗಿ ಹಾಕಿ ಕೊಡಿ."

ಅವರು ಹಾಕಿ, ಅಂಟಿಸಿ, ಎದ್ದು ನಿಂತು ಕೊಟ್ಟರು. ಬೀಗ ಹಾಕಿದ ಮೇಲೆ ಅವರು ಕುರ್ಚಿಯನ್ನು ಹೆಗಲಿಗೇರಿಸಿಕೊಂಡರು, ಆಕೆ ಕವರನ್ನು ಎದೆಗವಚಿಕೊಂಡಳು. ಮನೆಯ ಬೀದಿ ತಿರುಗುವಾಗ ಕಾರ್ಡಕ್ಕ ಹೇಳಿದಳು:

"ಅಡುಗೆಮನೆ ಬಾಗಿಲಲ್ಲಿ ಹಾಕಿ. ಮುಖ ಒಳಗಡೆಗೇ ಇರ್ಲಿ."