ನೀಲಾ ಬರೆದ ಕಾರ್ಡು

ಶಹಾಬಾದಿನ ಮಠದ ಪಡಸಾಲೆಯಲ್ಲಿ ಜಾನಕೀಬಾಯಿ ಹದಿನಾಲ್ಕು ಹುಡುಗಿಯರಿಗೆ ಕನ್ನಡ ಬರೆಯಲು ಕಲಿಸುತ್ತಿದ್ದಳು. ಸರಕಾರಿ ಶಾಲೆಯಲ್ಲಿ ಉರ್ದು ನಡೆಯುತ್ತಿತ್ತು. ಅಲ್ಲಿಗೆ ಹುಡುಗಿಯರನ್ನು ಯಾರೂ ಕಳಿಸುತ್ತಿರಲಿಲ್ಲ. ಇಲ್ಲಿ ಗಣಿಯಿಂದ ಆರಿಸಿ ತಂದ ತೆಳು ಪರಸಿ ಕಲ್ಲಿನ ತುಂಡುಗಳೇ ಬರೆಯುವ ಪಾಟಿ.

"ಹುಡುಗೇರು ಬರ್ಯಾಕ ಕಲ್ತು ಏನ್ ಮಾಡ್ತಾರ್ರಿ ಬಾಯಾರ? ತಹಶೀಲದಾರ ಆಗ್ತಾರೇನು?" ಎಂದು ಊರವರು ನಗುತ್ತಿದ್ದರು.

"ಮನಿ ಮಂದಿಗೆ ಒಂದು ಕಾರ್ಡ್ ಬರೀತಾರ, ಸಾಕು," ಎನ್ನುತ್ತಿದ್ದಳು ಜಾನಕೀಬಾಯಿ. ಆ ಮಾತನ್ನು ನಿಜ ಮಾಡಿ ತೋರಿಸಬೇಕೆಂಬ ಹಟ ಅವಳಲ್ಲಿ ಬೇರೂರಿತ್ತು.

ಪತ್ರ ಬರೆಯುವುದನ್ನು ಕಲಿಸಲು ಶುರು ಮಾಡಿದ ದಿನ, ಒಂಬತ್ತು ವರ್ಷದ ನೀಲಾ ಎಲ್ಲರಿಗಿಂತ ಮೊದಲು ಪಾಟಿ ಎತ್ತಿಕೊಂಡು ಬಂದಳು. ಅವಳ ಅಪ್ಪ ನಾಗೇಂದ್ರಪ್ಪ ಹೈದರಾಬಾದಿನಲ್ಲಿ ಪರಸಿ ವ್ಯಾಪಾರಿಯೊಬ್ಬನ ವಖಾರಿಯಲ್ಲಿ ಗುಮಾಸ್ತನಾಗಿದ್ದ. ಇಲ್ಲಿ ಮನೆಯಲ್ಲಿ ಅವ್ವ, ಮತ್ತೆ ಅವಳು ಆಯಿ ಎಂದು ಕರೆಯುವ ಅಜ್ಜಿ. ಅಪ್ಪನಿಗೆಂದು ನೀಲಾ ಬರೆದದ್ದನ್ನು ಜಾನಕೀಬಾಯಿ ಗಟ್ಟಿಯಾಗಿ ಓದಿದಳು: 'ಅಪ್ಪಾ, ನಮ್ಮ ಎಮ್ಮಿ ಸತ್ತದ. ಆಯಿ ಉಣವಲ್ಲಳು. ಅವ್ವ ಒಲಿ ಮುಂದ ಕುಂತು ಅಳಾಕತ್ತಾಳ. ನೀ ಬಾ.'

"ಎಮ್ಮಿ ದಿನಕರ್ಮಕ್ಕ ನಮಗೂ ಊಟಕ್ಕ ಕರೀತೀಯೇನ ನೀಲಾ?" ಎಂದಳು ಹಿಂದೆ ಕುಳಿತ ರತ್ನಾ. ಇಡೀ ಪಡಸಾಲೆ ನಕ್ಕಿತು. ಜಾನಕೀಬಾಯಿಗೂ ನಗು ತಡೆಯಲಾಗಲಿಲ್ಲ.

"ಹುಚ್ಚಿ, ಕಾಗದದಾಗ ಅಶುಭ ಬರೀಬಾರದು. ದೂರ ಇದ್ದವರ ಎದಿ ಒಡೀತದ. ಮೊದಲು ಕ್ಷೇಮ ಬರಿ."

"ಕ್ಷೇಮ ಇಲ್ಲಂದ್ರ ಏನ್ರಿ?"

"ಇಲ್ಲಂದ್ರೂ ಕ್ಷೇಮ ಅಂತನೇ ಬರೀಬೇಕು. ಅದು ರೀತಿ."

ಬರೆದದ್ದನ್ನು ಅಂಗೈಯಿಂದಲೇ ಒರೆಸಿ, ನೀಲಾಳ ಕೈ ಹಿಡಿದು ತಿದ್ದಿಸಿದಳು: 'ಇತ್ತ ನಾವೆಲ್ಲರೂ ಕ್ಷೇಮ.' ಕ್ಷ ಸುಲಭಕ್ಕೆ ಒಲಿಯುವ ಅಕ್ಷರವಲ್ಲ. ತಿಂಗಳುಗಟ್ಟಲೆ ತಿದ್ದಿದ ಮೇಲೆ ಅದು ನೀಲಾಳ ಬೆರಳಿಗೆ ಕೂತಿತು.

ಆಷಾಢದಲ್ಲಿ ಒಂದು ಮಧ್ಯಾಹ್ನ ನೀಲಾ ಖಾಲಿ ಅಂಚೆ ಕಾರ್ಡು ಹಿಡಿದು ಬಂದಳು.

"ಬಾಯಾರ, ಅವ್ವಗ ಜ್ವರ ಬಂದು ಎಂಟ್ ದಿನ ಆಯ್ತ್ರಿ. ಅಪ್ಪಗ ಕಾರ್ಡು ಬರ್ಸು ಅಂದಾಳ ಆಯಿ. ನೀವು ಬರ್ದು ಕೊಡ್ರಿ."

"ನಾ ಯಾಕ? ನಿನಗ ಬರ್ತದಲ್ಲ. ನೀನೇ ಬರಿ."

ನೀಲಾ ಕಂಬಕ್ಕೆ ಒರಗಿ, ನಾಲಿಗೆ ಕಚ್ಚಿಕೊಂಡು, ಹೊತ್ತು ಇಳಿಯುವವರೆಗೆ ಬರೆದಳು. ಜಾನಕೀಬಾಯಿ ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದಳು. ಸಾಲು ಬಾಗಿರಲಿಲ್ಲ. ಒತ್ತಕ್ಷರ ಜಾರಿರಲಿಲ್ಲ. ಕ್ಷ ಥೇಟು ತನ್ನದೇ. ಹುಡುಗಿಯರಿಗೆಲ್ಲ ತೋರಿಸಿದಳು. ಮಠ ನೋಡಿಕೊಳ್ಳುತ್ತಿದ್ದ ಮಡಿವಾಳಯ್ಯನವರಿಗೂ ತೋರಿಸಿದಳು. ಅವರು ಮೂಗಿಗೆ ಚಾಳೀಸು ಏರಿಸಿ, "ಹೆಣ್ಣುಡುಗಿ ಬರ್ದದ್ದು ಅಂದ್ರ ಯಾರು ನಂಬ್ತಾರ್ರಿ!" ಎಂದು ತಲೆದೂಗಿದರು. ವಿಳಾಸ ತಾನೇ ಬರೆದು, ಸ್ಟೇಶನ್ನಿನ ಡಬ್ಬಿಗೆ ತಾನೇ ಹೋಗಿ ಹಾಕಿ ಬಂದಳು ಜಾನಕೀಬಾಯಿ. ಬರುವಾಗ ನಡಿಗೆ ಹಗುರಾಗಿತ್ತು.

ವಾರದ ಮೇಲೆ ಉತ್ತರ ಬಂತು. ನಾಗರ ಪಂಚಮಿಗೆ ಬರುತ್ತೇನೆ ಎಂದು ನಾಗೇಂದ್ರಪ್ಪ ಬರೆದಿದ್ದ. ಪಂಚಮಿಗೆ ಇನ್ನೂ ಹದಿನೈದು ದಿನವಿತ್ತು. ಅವನ ಹೆಂಡತಿ ಗುರುಲಿಂಗಮ್ಮ ಉತ್ತರ ಬಂದ ಮೂರನೆಯ ದಿನಕ್ಕೇ ತೀರಿಕೊಂಡಳು. ತಂತಿ ಸುದ್ದಿ ಹೋಗಿ ಅವನು ಬರುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು.

ದಿನಕರ್ಮ ಮುಗಿದ ಮೇಲೆ ನಾಗೇಂದ್ರಪ್ಪ ಮಗಳ ಕೈ ಹಿಡಿದು ಪಡಸಾಲೆಯ ಮೆಟ್ಟಿಲಲ್ಲಿ ನಿಂತ. ಅಂಗಿಯ ಕಿಸೆಯಿಂದ ಕಾರ್ಡು ತೆಗೆದ.

"ಇದರಾಗ ನಾ ಓದಲಾರದ್ದು ಏನರ ಅದ ಏನ್ರಿ ಬಾಯಾರ? ನೀವೇ ಒಮ್ಮೆ ನೋಡ್ರಿ."

ಜಾನಕೀಬಾಯಿ ಓದಿದಳು. 'ಇತ್ತ ನಾವೆಲ್ಲರೂ ಕ್ಷೇಮ. ಆಯಿ ಕ್ಷೇಮ. ಅವ್ವ ಕ್ಷೇಮ. ತಾವು ಬರಬೇಕೆಂದು ಅವ್ವ ಕೇಳಿದ್ದಾಳೆ.' ಅಂದು ಅಷ್ಟು ಹೊತ್ತು ಕೈಯಲ್ಲಿ ಹಿಡಿದು ನೋಡಿದ್ದ ಕಾರ್ಡು. ಓದಿದ್ದು ಈಗಲೇ.

"ಅಕ್ಷರ ಭಾಳ ಚಂದ ಇತ್ರಿ," ಎಂದ ನಾಗೇಂದ್ರಪ್ಪ. "ವಖಾರಿದಾಗ ಎಲ್ಲರಿಗೂ ತೋರ್ಸಿದ್ನಿ. ಪಂಚಮಿ ಬಂತಲ್ಲ, ಅದಕ್ಕ ಕರ್ದಾಳ ಅಂದ್ಕೊಂಡ್ನಿ." ಮಗಳನ್ನು ಅಲ್ಲೇ ಬಿಟ್ಟು ಹೋದ.

"ಜ್ವರದ್ದು ಯಾಕ ಬರೀಲಿಲ್ಲ ನೀಲಾ?"

"ಅಶುಭ ಬರೀಬಾರದು ಅಂತ ನೀವೇ ಹೇಳಿದ್ರಲ್ರಿ." ಆ ದನಿಯಲ್ಲಿ ದೂರು ಇರಲಿಲ್ಲ. ಪಾಠ ಒಪ್ಪಿಸುವ ದನಿ.

ಜಾನಕೀಬಾಯಿ ಅವಳ ಮುಂದೆ ಕುಕ್ಕರಿಸಿ, ಪಾಟಿ ಬಳಪ ಕೊಟ್ಟಳು. "ರೀತಿ ಗೀತಿ ಬಿಡು, ನನ್ನವ್ವ. ನಿನ್ನ ಮನಸಿನಾಗ ಏನದ, ಅದನ್ನ ಬರಿ. ಯಾರೂ ನಗೂದಿಲ್ಲ."

ಯಾರೂ ನಗಲಿಲ್ಲ. ರತ್ನಾ ಕೂಡ ತಲೆ ತಗ್ಗಿಸಿ ಕುಳಿತಿದ್ದಳು. ನೀಲಾ ಬಹಳ ಹೊತ್ತು ಬಳಪ ಹಿಡಿದುಕೊಂಡಿದ್ದಳು. ಆಮೇಲೆ ಒಮ್ಮೆಯೂ ಕೈ ತಡೆಯದೆ ಬರೆದು, ಪಾಟಿಯನ್ನು ತಿರುಗಿಸಿ ಹಿಡಿದಳು.

'ಮಾತೋಶ್ರೀ ಅವ್ವನವರ ಪಾದಗಳಿಗೆ ನೀಲಾಳ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಕಾಗದ ಬರೆಯುತ್ತಿರಬೇಕು.'

ಜಾನಕೀಬಾಯಿ ಮತ್ತೆ ಮತ್ತೆ ನೋಡಿದಳು. ಒಂದು ಅಕ್ಷರವಾದರೂ ಸೊಟ್ಟಗಿದ್ದೀತೇ ಎಂದು ಹುಡುಕಿದಳು. ಇರಲಿಲ್ಲ.